ಜುಲೈ ನಲ್ಲಿ

"ಗ್ಯಾಸ್ ಮುಗಿದಿದೆ, ತುಂಬಿಸು" ಎಂದ ಕೊರ್ನೇಲಿಯುಸ್.
ನಾನಿನ್ನೂ ಬೈಕಿನಿಂದ ಕಾಲೂರಿರಲಿಲ್ಲ.
ಡಿಸೆಂಬರು. ಪರಾಗ್ವೆಯ ಚಾಕೋ ಬಯಲು. ಬಡಗಣ ಗಾಳಿ
ಯಾರೋ ಒಲೆಯ ಬಾಯಿ ತೆರೆದಿಟ್ಟು ಮರೆತ ಹಾಗೆ.
ಬಾಟಲಿ ಮರದಡಿ ಹಸಿರು ಟ್ರ್ಯಾಕ್ಟರು,
ಅದರ ಬೆನ್ನಿಗೆ ಅರ್ಧ ಬಿತ್ತಿದ ಕಡಲೆಕಾಯಿ ಹೊಲ.

ಗ್ಯಾಸು ಅನ್ನವಲ್ಲ, ಉಂಡು ಮುಗಿಯುವುದಿಲ್ಲ.
ಹೋಗಿದ್ದರೆ ಎಲ್ಲೋ ಸೋರಿರಬೇಕು,
ಸೋರಿದ್ದರೆ ಎಣ್ಣೆಯ ಹೆಜ್ಜೆ ಬಿಟ್ಟಿರಬೇಕು.
ಹೀಗೆಂದೆ. ಅವನಿಗೆ ಬೇಕಿದ್ದದ್ದು ತಂಪು, ತರ್ಕವಲ್ಲ.

ಅಸುನ್ಸಿಯೋನಿನಿಂದ ಬಂದವನೊಬ್ಬ ಎರಡು ಸಲ ತುಂಬಿಸಿದನಂತೆ,
ದುಡ್ಡೂ ಎರಡು ಸಲ.
ಮಾಪಕ ಹಚ್ಚಿದೆ. ನೀಲಿ ಮುಳ್ಳು, ಕೆಂಪು ಮುಳ್ಳು
ಎರಡೂ ಮಿತಿ ದಾಟಿ ಮೇಲೇರಿ ನಿಂತವು.
ಕಮ್ಮಿಯಾಗಿಲ್ಲ, ಹೆಚ್ಚಾಗಿದೆ!
ಗಂಟಲವರೆಗೆ ಉಂಡವನ ಬಾಯಿಗೆ ಮತ್ತೊಂದು ತುತ್ತು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಹೆಚ್ಚಿನದನ್ನು ನನ್ನ ಸಿಲಿಂಡರಿಗೆ ಇಳಿಸಿಕೊಂಡೆ.
ಮುಂದಿನ ಜಾಲರಿ ಬಿಚ್ಚಿದರೆ
ಕಂಡೆನ್ಸರಿನ ರೆಕ್ಕೆ ರೆಕ್ಕೆಯ ನಡುವೆ
ಹೋದ ವರ್ಷದ ಎಳ್ಳಿನ ಹೊಟ್ಟು,
ಕಂಬಳಿ ಹೊದೆಸಿದಂತೆ ಧೂಳು,
ಅದರೊಳಗೆ ನಿದ್ದೆಹೋದ ಒಂದು ಮಿಡತೆ.
"ಒಳಗಿಂದ ಹೊರಕ್ಕೆ ಊದು, ಫೆರ್ಮಿನ್.
ಹೊರಗಿಂದ ಊದಿದರೆ ಕಸ ಒಳಹೊಕ್ಕು ಸಂಸಾರ ಹೂಡುತ್ತದೆ.
ಮೆಲ್ಲಗೆ, ಮಾರಾಯ,
ಇದು ಚಿಟ್ಟೆಗಿಂತ ಗಟ್ಟಿಯ ರೆಕ್ಕೆಯೇನಲ್ಲ."

ಮುಳ್ಳುಗಳು ತಮ್ಮ ತಮ್ಮ ಜಾಗಕ್ಕೆ ಬಂದವು.
ದಪ್ಪ ಕೊಳವೆ ಬೆವರತೊಡಗಿತು.
(ಕೊಳವೆ ಬೆವರಿದರೆ ನಮ್ಮ ಬೆವರು ನಿಲ್ಲಬೇಕು,
ನಮ್ಮ ಕಸುಬಿನ ಲೆಕ್ಕ ಅಷ್ಟೆ.)
ಆದರೂ ಕ್ಯಾಬಿನ್ನಿನ ಗಾಳಿಕಂಡಿಗೆ ಸಿಕ್ಕಿಸಿದ ಉಷ್ಣಮಾಪಕ
ಇಪ್ಪತ್ತನಾಲ್ಕರಲ್ಲಿ ಕೂತು ಏಳಲೇ ಇಲ್ಲ, ಇಳಿಯಲೂ ಇಲ್ಲ.
ಕೊರ್ನೇಲಿಯುಸ್ ಕೈಯೊಡ್ಡಿ ನೋಡಿ ಹೇಳಿದ:
"ನನ್ನ ಹಸುವಿನ ಉಸಿರು ಇದಕ್ಕಿಂತ ವಾಸಿ."

ಮರದಡಿ ಕೂತೆವು. ಐಸು ಹಾಕಿದ ತೆರೆರೆ
ಒಂದೇ ಕೊಂಬಿನ ಬಟ್ಟಲಲ್ಲಿ ಕೈಯಿಂದ ಕೈಗೆ.
ಇಪ್ಪತ್ತೆರಡು ವರ್ಷದ ಅನುಭವ ನನ್ನದು,
ಅದು ನೀರು ಹೀರುತ್ತ ಸುಮ್ಮನಿತ್ತು.
ಹುಡುಗ ಮಾತ್ರ ತನ್ನ ಮೊಣಕೈ ಊದಿಕೊಳ್ಳುತ್ತಿದ್ದ:
"ಕ್ಯಾಬಿನ್ನಿನ ಕೆಳಗಿನ ಆ ಎರಡು ರಬ್ಬರ್ ಪೈಪು
ಯಾಕಣ್ಣ ಅಷ್ಟು ಸುಡುತ್ತವೆ?"

ಬಟ್ಟಲು ಕೆಳಗಿಟ್ಟೆ.

ಒಂದೇ ಡಬ್ಬಿಯೊಳಗೆ ಅಕ್ಕಪಕ್ಕ,
ಒಂದು ಸುರುಳಿ ತಣಿಸುವುದು, ಒಂದು ಕಾಯಿಸುವುದು.
ಎಂಜಿನ್ನಿನ ಕುದಿನೀರು ಯಾರ ಅಪ್ಪಣೆಗೂ ಕಾಯದೆ
ಒಳಗೆ ಹರಿಯುತ್ತಲೇ ಇದೆ.
ಪೈಪನ್ನು ಇಕ್ಕಳದಲ್ಲಿ ಹಿಸುಕಿ ಹಿಡಿದೆ.
ಹತ್ತೊಂಬತ್ತು. ಹದಿಮೂರು. ಒಂಬತ್ತು.
ಫೆರ್ಮಿನ್ ಮುಖವನ್ನೇ ಗಾಳಿಗೆ ಅಂಟಿಸಿ ನಕ್ಕ.

"ಹೀಟರಿನ ನಲ್ಲಿ ತೆರೆದದ್ದು ಯಾರು?"
ಕೊರ್ನೇಲಿಯುಸ್ ಬೈಬಲ್ಲಿನ ಮೇಲೆ ಕೈಯಿಡಲೂ ತಯಾರಿದ್ದ.
ಆಗ ಜಗುಲಿಯಿಂದ ಇಳಿದು ಬಂದಳು ಅವನ ಚಿಕ್ಕಮ್ಮ ಅಗಾಥಾ,
ಎಪ್ಪತ್ತೊಂಬತ್ತು ವರ್ಷ, ಒಣಹುಲ್ಲಿನ ಟೊಪ್ಪಿಗೆ.
"ನಾನು," ಎಂದಳು. "ಜುಲೈ ತಿಂಗಳು. ಇವನ ಕಾಲು ಮುರಿದಿತ್ತಲ್ಲ,
ಹನ್ನೊಂದು ರಾತ್ರಿ ದನಗಳಿಗೆ ಹುಲ್ಲುಸುರುಳಿ ಹೊತ್ತೆ.
ತೆಂಕಣ ಗಾಳಿ, ಗಾಜಿನ ಮೇಲೆ ಮಂಜುಗಡ್ಡೆ.
ಮಂಡಿಗಾಗಿ ತಿರುಗಿಸಿದೆ. ತಿರುಪು ಕೈಗೇ ಬಂತು.
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."
ಏಪ್ರನ್ ಜೇಬಿನಿಂದ ಕಪ್ಪು ಪ್ಲಾಸ್ಟಿಕ್ಕಿನ ತಿರುಪು ತೆಗೆದು
ನನ್ನ ಅಂಗೈಗೆ ಹಾಕಿದಳು. ಬೆಚ್ಚಗಿತ್ತು.

"ಆ ಪೈಪು ಕಟ್ಟಿಬಿಡು, ಇನ್ನೆಂದೂ ಬೇಡ" ಎಂದ ಅವನು.
ಅವಳು ಏನೂ ಅನ್ನಲಿಲ್ಲ. ನನ್ನನ್ನೇ ನೋಡಿದಳು.

ಹೊಸ ನಲ್ಲಿ ಕೂರಿಸಿದೆ. ಬಿಲ್ಲಿನಲ್ಲಿ ಗ್ಯಾಸಿನ ಎದುರು ಸೊನ್ನೆ.
ತಿರುಪಿನ ಸುತ್ತ ಬಿಳಿ ಬಣ್ಣದಲ್ಲಿ ಎರಡು ಗೀಟು:
ಅಡ್ಡ ಗೀಟು ಡಿಸೆಂಬರು, ಉದ್ದ ಗೀಟು ಜುಲೈ.
ಕನ್ನಡಕ ಏರಿಸಿ ಬಗ್ಗಿ ನೋಡಿದಳು ಅಗಾಥಾ.
"ಉದ್ದದ್ದನ್ನು ಇನ್ನಷ್ಟು ದಪ್ಪ ಬಳಿ" ಎಂದಳು,
"ಕತ್ತಲಲ್ಲೂ ಕಾಣಬೇಕು."